ಒಂದು ಗಂಟೆ ಕೂಡಿಸದ ನಕ್ಷೆ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಈಶ್‌ಬೆಲ್ ಮೆಕ್‌ಕೆಲ್ಲರ್ ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಅದರ ಹಿಂಚಕ್ರದ ಹಬ್ ಬಿಚ್ಚುತ್ತಿದ್ದಳು. ಅದು ಇಬ್ಬರು ಒಟ್ಟಿಗೆ ತುಳಿಯುವ ಉದ್ದನೆಯ ಜೋಡಿ ಸೈಕಲ್. ಹಬ್‌ನೊಳಗಿಂದ ಮೊದಲು ಉಪ್ಪುನೀರು ಸುರಿಯಿತು, ಆಮೇಲೆ ಗ್ರೀಸಿಗೆ ಅಂಟಿಕೊಂಡ ಮರಳು. ಚೈನಿಗೆ ಸುತ್ತಿಕೊಂಡಿದ್ದ ಕಡಲಪಾಚಿಯನ್ನು ಅವಳು ಚಾಕುವಿನಿಂದ ಕೊಯ್ದು ಕೊಯ್ದು ಬಕೆಟ್ಟಿಗೆ ಹಾಕಿದಳು. ಪ್ರತಿ ತುಂಡು ಹಾಕುವಾಗಲೂ ಒಂದೊಂದು ಬೈಗುಳ ಅವಳ ಬಾಯಿಂದ ಬರುತ್ತಿತ್ತು. ಯಾವುದನ್ನೂ ಇಲ್ಲಿ ಬರೆಯುವ ಹಾಗಿಲ್ಲ.

ಬೈಸಿಕೊಳ್ಳುತ್ತಿದ್ದವನು ಅಲ್ಲಿರಲಿಲ್ಲ. ಅವನ ಹೆಸರು ಗ್ರೇಮ್ ಹ್ಯಾಲಿಡೇ, ಊರಿನ ಪ್ರವಾಸ ಸಮಿತಿಯ ಅಧ್ಯಕ್ಷ. ಊರಿಗೆ ಬಂದ ಪ್ರವಾಸಿಗಳಿಗೆ ಏನಾದರೂ ಅವಳು ಮೊದಲು ಬೈಯುವುದು ಅವನನ್ನೇ.

ಆರ್ಡ್‌ಕ್ಯಾಲನ್ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಊರು. ಅಲ್ಲಿ ಕಾಲುವೆ ಕಡಲಿಗೆ ಸೇರುತ್ತದೆ. ಸೇರುವ ಜಾಗದಲ್ಲಿ ದೋಣಿ ಬಂದಾಗ ಪಕ್ಕಕ್ಕೆ ಸರಿದು ದಾರಿ ಬಿಡುವ ತಿರುಗು ಸೇತುವೆ ಇದೆ. ಈಶ್‌ಬೆಲ್ ಇಪ್ಪತ್ನಾಲ್ಕು ವರ್ಷ ಆ ಸೇತುವೆಯನ್ನು ತಿರುಗಿಸಿದಳು. ಹಾಯಿದೋಣಿಗಳು ಹಾದುಹೋಗುವ ತನಕ ಸೈಕಲ್ ಹಿಡಿದು ಕಾಯುತ್ತಿದ್ದ ಪ್ರವಾಸಿಗಳನ್ನು ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತಿದ್ದಳು. ಬಹುತೇಕ ಎಲ್ಲರೂ ಮುಖ್ಯ ರಸ್ತೆಯ ಹೆಸರು ಹೇಳುತ್ತಿದ್ದರು. ಆಗ ಅವಳು ದೋಣಿಗಳ ದಾಖಲೆ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬೇರೆ ದಾರಿ ಬರೆದುಕೊಡುತ್ತಿದ್ದಳು. ಹಾಗೆ ಬರೆದು ಬರೆದು ಹುಟ್ಟಿದ್ದು ಮೂವತ್ತೊಂದು ಮೈಲಿಯ ಒಂದು ಸುತ್ತು. ಊರವರು ಅದನ್ನು ದೊಡ್ಡ ಸುತ್ತು ಎನ್ನುತ್ತಾರೆ. ಕೆಲಸದಿಂದ ನಿವೃತ್ತಳಾದ ಮೇಲೆ ಅವಳು ಸೇತುವೆಯ ಪಕ್ಕದ ಶೆಡ್ಡಿನಲ್ಲಿ ಹನ್ನೆರಡು ಬಾಡಿಗೆ ಸೈಕಲ್ ಇಟ್ಟುಕೊಂಡಳು. ಈಗ ಅವಳಿಗೆ ಅರವತ್ತಮೂರು.

ಕಾಲುವೆಯ ದಂಡೆಯ ಮೇಲೆ ಒಂಬತ್ತು ಮೈಲಿ ಸಪಾಟು ದಾರಿ. ಆಮೇಲೆ ಲಾಖ್ ಡೋರನ್ ಸರೋವರದ ಅಂಚಿನ ಕಿರುರಸ್ತೆ. ಅಲ್ಲಿ ಎದುರಿಗೆ ಕಾರು ಬಂದರೆ ಯಾರಾದರೊಬ್ಬರು ಪಕ್ಕದ ಜಾಗಕ್ಕೆ ಸರಿದು ನಿಲ್ಲಬೇಕು, ಇನ್ನೊಬ್ಬರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ಕೃತಜ್ಞತೆ ಹೇಳಬೇಕು. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಹಳೆಯ ಚರ್ಚು. ಚರ್ಚಿನ ಕೆಳಗೆ ಬಿಳಿಮರಳು. ಕಡಲು ಇಳಿದಾಗ ಅರ್ಧ ಮೈಲಿ ಗಟ್ಟಿ ಮರಳು ತೆರೆದುಕೊಳ್ಳುತ್ತದೆ, ನಡುವೆ ಒಂದು ಹಳ್ಳ, ಅದರಲ್ಲಿ ದಾರಿ ತೋರುವ ಒಂದು ಕಂಬ. ಅದನ್ನು ದಾಟಿದರೆ ಈಶ್‌ಬೆಲ್‌ಳ ಶೆಡ್ಡು. ಮರಳು ಬೇಡವೆಂದರೆ ಉಳಿಯುವುದು ಮುಖ್ಯ ರಸ್ತೆ. ನಾಲ್ಕೂವರೆ ಮೈಲಿ, ಹನ್ನೊಂದು ತಿರುವು, ದಿನಕ್ಕೆ ಅರವತ್ತು ಮರದ ದಿಮ್ಮಿ ಲಾರಿ. ರಸ್ತೆಯಂಚಿನ ಬಿಳಿ ಗೆರೆಯ ಆಚೆ ಸೈಕಲ್ ಚಕ್ರದಷ್ಟೂ ಜಾಗವಿಲ್ಲ.

ಶೆಡ್ಡಿನ ಬಾಗಿಲಿಗೆ ಒಂದು ಕಪ್ಪು ಕಲ್ಲುಹಲಗೆ ನೇತುಹಾಕಿದೆ. ಆ ದಿನ ಬಿಳಿಮರಳು ದಾಟುವ ಸಮಯವನ್ನು ಈಶ್‌ಬೆಲ್ ಪ್ರತಿ ಬೆಳಿಗ್ಗೆ ಅದರ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಾಳೆ. ಹಿಂದಿನ ದಿನದ ಬರಹವನ್ನು ಅವಳು ಇನ್ನೂ ಅಳಿಸಿರಲಿಲ್ಲ. ‘ಸೋಮವಾರ, 10.10ರಿಂದ 2.10.’

ಎಂಟು ಗಂಟೆಗೆ ಟಾರ್ಕ್ವಿಲ್ ಬಂದ. ಅವನು ಕಡಲಲ್ಲಿ ಹಗ್ಗಗಳನ್ನು ಇಳಿಬಿಟ್ಟು ತಿನ್ನುವ ಕಪ್ಪು ಚಿಪ್ಪುಮೀನು ಬೆಳೆಯುವವನು, ಈಶ್‌ಬೆಲ್‌ಳ ಜತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಸೋಮವಾರ ಬಿಳಿಮರಳು ದಾಟಲು ಹೋಗಿ ನೀರಿಗೆ ಬಿದ್ದ ಡಚ್ ದಂಪತಿಯನ್ನು, ಆ ಜೋಡಿ ಸೈಕಲ್ಲಿನ ಒಡೆಯರನ್ನು, ದೋಣಿಗೆ ಎಳೆದುಕೊಂಡವನು ಅವನೇ.

“ಬೈದು ಮುಗೀತಾ, ಇಲ್ಲ ಚಹಾ ಕುಡಿದು ಮುಂದುವರಿಸ್ತೀಯಾ?” ಎಂದ.

“ನೀನು ಸುಮ್ನಿರು. ಎಷ್ಟಿತ್ತು ನೀರು?”

“ಹಳ್ಳದ ಕಂಬ ಹಿಡ್ಕೊಂಡಿದ್ರು ಇಬ್ಬರೂ. ಆಕೆಗೆ ಎದೆ ಮಟ್ಟ. ಗಂಡನಿಗೆ ಪಕ್ಕೆಲುಬು ಮುರಿದಿದೆಯಂತೆ, ಸೈಕಲ್ ಮೇಲೆ ಬಿದ್ದು. ಇಳಿಯೋ ನೀರು ಆ ಹಳ್ಳದಲ್ಲಿ ಹೇಗೆ ಎಳೆಯುತ್ತೆ ಅಂತ ನಿಂಗೆ ಗೊತ್ತಲ್ಲ. ಇನ್ನೈದು ನಿಮಿಷ ಕಳೆದಿದ್ರೆ ನಾನು ಬೇರೆ ಏನೋ ಎಳ್ಕೋಬೇಕಾಗ್ತಿತ್ತು.”

“ಎಷ್ಟು ಹೊತ್ತಿಗೆ ಇಳಿದ್ರು?”

“ಒಂಬತ್ತೂ ಕಾಲು.”

“ಒಂಬತ್ತೂ ಕಾಲಿಗೆ ಯಾವ ಹುಚ್ಚ ಇಳೀತಾನೆ?”

ಟಾರ್ಕ್ವಿಲ್ ಜೇಬಿನಿಂದ ಡಚ್ಚರ ಬಳಿ ಇದ್ದ, ಒದ್ದೆಯಾಗಿ ಒಣಗಿದ್ದ ಒಂದು ನಕ್ಷೆ ತೆಗೆದು ಬೆಂಚಿನ ಮೇಲೆ ಹರಡಿದ. ಪ್ರವಾಸ ಸಮಿತಿ ಏಪ್ರಿಲಿನಲ್ಲಿ ಅಚ್ಚು ಹಾಕಿಸಿದ ಬಣ್ಣದ ನಕ್ಷೆ ಅದು. ‘ದೊಡ್ಡ ಸುತ್ತು: ಮಾರ್ಗ ರಚನೆ ಈಶ್‌ಬೆಲ್ ಮೆಕ್‌ಕೆಲ್ಲರ್.’ ಹಿಂಬದಿಯಲ್ಲಿ ಇಡೀ ಬೇಸಿಗೆಯ ದಾಟುವ ಸಮಯಗಳ ಪಟ್ಟಿ. ಟಾರ್ಕ್ವಿಲ್ ಸೋಮವಾರದ ಸಾಲಿನ ಮೇಲೆ ಬೆರಳಿಟ್ಟ. ‘9.10ರಿಂದ 1.10.’

ಈಶ್‌ಬೆಲ್ ಬಾಗಿಲ ಹಲಗೆಯನ್ನು ನೋಡಿದಳು, ನಕ್ಷೆಯನ್ನು ನೋಡಿದಳು.

“ಒಂದು ಗಂಟೆ ತಪ್ಪು. ನನ್ನ ಅಂಕಿಗಳನ್ನ ಬದಲಾಯಿಸಿದ್ದಾನೆ ಆ ಬೋಳುತಲೆಯವನು. ನನ್ನ ಹೆಸರು ಹಾಕಿ ನನ್ನ ಅಂಕಿ ಬದಲಾಯಿಸಿದ್ದಾನೆ!”

“ಇನ್ನೂ ಇದೆ ಕೇಳು. ಬೆಳಿಗ್ಗೆ ಆರಕ್ಕೇ ಬಂದು ಮರಳಿನ ಎರಡೂ ಕಡೆ ಸರಪಳಿ ಹಾಕಿಸಿದ್ದಾನೆ. ಬೋರ್ಡು ಬೇರೆ. ‘ದಾರಿ ಮುಚ್ಚಿದೆ, ಮುಖ್ಯ ರಸ್ತೆ ಬಳಸಿ.’ ಗುರುವಾರ ಸಭೆಯಂತೆ. ಮರಳನ್ನ ನಕ್ಷೆಯಿಂದಲೇ ತೆಗೀತಾರಂತೆ.”

ಅವಳು ಕೈಯಲ್ಲಿದ್ದ ಸ್ಪಾನರ್ ಕೆಳಗಿಡದೆಯೇ ಹೊರಟಳು.

ಮುಖ್ಯ ರಸ್ತೆ ಎಂಬ ಮಾತು ಕೇಳಿದರೆ ಅವಳಿಗೆ ನೆನಪಾಗುವುದು ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಕಲ್ಲುಗಣಿಯ ತಿರುವಿನಲ್ಲಿ ಪೇಸ್ಲಿ ಊರಿನ ಶಾಲಾ ಶಿಕ್ಷಕಿಯೊಬ್ಬಳು ಕಬ್ಬಿಣದ ತಡೆಗಂಬಿಗೆ ಒರಗಿ ಕೂತಿದ್ದಳು. ಲಾರಿ ಅವಳಿಗೆ ತಾಗಿರಲಿಲ್ಲ, ಲಾರಿಯ ಗಾಳಿಯೇ ಎತ್ತಿ ಒಗೆದಿತ್ತು. ಆಂಬುಲೆನ್ಸ್ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಈಶ್‌ಬೆಲ್ ಅವಳ ತಲೆ ಹಿಡಿದುಕೊಂಡಿದ್ದಳು. ಕಡಲು ತುಂಬಿದ ಹೊತ್ತಾದ್ದರಿಂದ ಆಕೆ ಮರಳಿಗಾಗಿ ಕಾಯದೆ ರಸ್ತೆ ಹಿಡಿದಿದ್ದಳು. ಅವಳ ಬಲತೋಳು ಈಗ ಭುಜದಿಂದ ಮೇಲೆ ಏಳುವುದಿಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಆಕೆ ಎಡಗೈಯಲ್ಲಿ ಬರೆದ ಕಾರ್ಡು ಕಳಿಸುತ್ತಾಳೆ.

ಹ್ಯಾಲಿಡೇ ಆರು ವರ್ಷದ ಹಿಂದೆ ಇಂಗ್ಲೆಂಡಿನ ದಕ್ಷಿಣದಿಂದ ಬಂದು ನೆಲೆಸಿದವನು. ಕೆಟ್ಟವನಲ್ಲ. ಕೆಲಸ ಹಿಡಿದರೆ ಮುಗಿಸುವವನು, ಆರ್ಡ್‌ಕ್ಯಾಲನ್‌ಗೆ ಅಂಥವರು ಕಡಿಮೆ. ಆದರೆ ಬಿಳಿಮರಳನ್ನು ಒಮ್ಮೆಯೂ ದಾಟಿದವನಲ್ಲ. ಹಳೆಯ ಅಂಚೆ ಕಚೇರಿಯಲ್ಲಿರುವ ಸಮಿತಿಯ ಕೋಣೆಗೆ ಈಶ್‌ಬೆಲ್ ನುಗ್ಗಿದಾಗ ಅವನು ಬೇಕನ್ ಇಟ್ಟ ರೊಟ್ಟಿ ತಿನ್ನುತ್ತಿದ್ದ.

“ಈಶ್‌ಬೆಲ್, ನಾನೇ ನಿಮ್ಮ ಹತ್ರ ಬರೋನಿದ್ದೆ…”

“ಬರೋದು ಬೇಡ. ನನ್ನ ಅಂಕಿಗಳನ್ನ ಯಾಕೆ ಬದಲಾಯಿಸಿದ್ರಿ, ಅದನ್ನ ಹೇಳಿ ಮೊದಲು.”

“ನಾನು ಏನೂ ಬದಲಾಯಿಸಿಲ್ಲ.”

“ಹಾಗಾದ್ರೆ ಇದೇನ್ರೀ? ಒಂಬತ್ತೂ ಹತ್ತು?”

ಹ್ಯಾಲಿಡೇ ಕೈ ಒರೆಸಿಕೊಂಡು ಕಪಾಟಿನಿಂದ ಎರಡು ವಸ್ತು ತಂದ. ಒಂದು, ಬಂದರಿನವರು ಪ್ರತಿ ವರ್ಷ ಹೊರಡಿಸುವ ಹಳದಿ ಹೊದಿಕೆಯ ಉಬ್ಬರವಿಳಿತದ ಪುಸ್ತಕ. ಇನ್ನೊಂದು, ನಕ್ಷೆಯ ಕರಡು. ಪುಸ್ತಕದಲ್ಲಿ ಸೋಮವಾರ ಕಡಲು ತೀರಾ ಕೆಳಗಿಳಿಯುವ ಸಮಯ 11.10 ಎಂದಿತ್ತು.

“ನೀವು ಹೇಳಿದ್ದು ಹೀಗೆ. ಹಳದಿ ಪುಸ್ತಕದ ಸಮಯ ತಗೊಳ್ಳಿ, ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ. ನಾನು ಬರ್ಕೊಂಡಿದ್ದೀನಿ, ನೋಡಿ. ಹನ್ನೊಂದೂ ಹತ್ತರಲ್ಲಿ ಎರಡು ಕಳೆದರೆ ಒಂಬತ್ತೂ ಹತ್ತು. ಎಲ್ಲಿ ತಪ್ಪು?”

“ಗಂಟೆ ಕೂಡಿಸಿಲ್ಲವಲ್ಲ!”

“ಯಾವ ಗಂಟೆ?”

ಈಶ್‌ಬೆಲ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಸೋಮವಾರದ ಸಾಲನ್ನು ಮತ್ತೆ ಓದಿದಳು.

ಈ ದೇಶದಲ್ಲಿ ಮಾರ್ಚಿನ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರಿನಲ್ಲಿ ಹಿಂದಕ್ಕೆ. ಹಳದಿ ಪುಸ್ತಕ ಮಾತ್ರ ವರ್ಷಪೂರ್ತಿ ಚಳಿಗಾಲದ ಗಡಿಯಾರದಲ್ಲೇ ಇರುತ್ತದೆ. ಮೊದಲ ಪುಟದ ಅಡಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಹಾಗೆಂದು ಬರೆದಿದೆ. ಆರ್ಡ್‌ಕ್ಯಾಲನ್‌ನಲ್ಲಿ ಹುಟ್ಟಿದವರು ಯಾರೂ ಆ ಸಾಲನ್ನು ಓದಿಲ್ಲ. ಪುಸ್ತಕದಲ್ಲಿ ಹನ್ನೊಂದು ಕಂಡರೆ ಅವರ ಬಾಯಿ ತಾನಾಗಿ ಹನ್ನೆರಡು ಎನ್ನುತ್ತದೆ. ಟಾರ್ಕ್ವಿಲ್‌ನೂ ಹಾಗೇ, ಈಶ್‌ಬೆಲ್‌ಳೂ ಹಾಗೇ, ಅವಳ ಅಪ್ಪನೂ ಹಾಗೇ. ಬಾಗಿಲ ಹಲಗೆಯ ಮೇಲೆ ಅವಳು ಇಷ್ಟು ವರ್ಷ ಬರೆದ ಒಂದು ಅಂಕಿಯೂ ತಪ್ಪಿರಲಿಲ್ಲ. ಅವಳ ಬಾಡಿಗೆ ಸೈಕಲ್ ಹಿಡಿದು ಹೊರಟವರೆಲ್ಲ ಸರಿಯಾದ ಸಮಯ ತಿಳಿದುಕೊಂಡೇ ಹೊರಟಿದ್ದರು. ಬರಿಯ ನಕ್ಷೆ ನಂಬಿ ಬಂದವರಲ್ಲಿ ಹೆಚ್ಚಿನವರು ಹೇಗೂ ನಡುಹೊತ್ತಿಗೆ ದಾಟಿ ಬಚಾವಾಗಿದ್ದರು. ಡಚ್ಚರು ಉತ್ತರದಿಂದ, ಚರ್ಚಿನ ಕಡೆಯಿಂದ ಬಂದಿದ್ದರು. ಆ ದಡದಲ್ಲಿ ಹಲಗೆ ಇರಲಿಲ್ಲ.

“ಕರಡನ್ನು ಫೆಬ್ರವರಿಯಲ್ಲಿ ನಿಮಗೆ ತೋರಿಸಿದ್ದೆ. ನಿಮ್ಮ ಅಡುಗೆಮನೆಯಲ್ಲೇ. ನೀವು ಪ್ರತಿ ಸಾಲೂ ಓದಿ ಸಹಿ ಹಾಕಿದ್ರಿ,” ಎಂದ ಹ್ಯಾಲಿಡೇ, ದನಿ ಏರಿಸದೆ.

ಓದಿದ್ದು ನಿಜ. ಓದುವಾಗ ಪ್ರತಿ ಸಾಲಿಗೂ ಅವಳ ತಲೆ ಒಂದು ಗಂಟೆ ಕೂಡಿಸಿಕೊಂಡೇ ಓದಿತ್ತು. ಕರಡಿನ ಕೊನೆಯಲ್ಲಿ ಅವಳ ಸಹಿ ಇತ್ತು. ಸಹಿಯ ಮೇಲೆ ಅವಳೇ ಪೆನ್ನಿನಲ್ಲಿ ಸೇರಿಸಿದ ಒಂದು ಸಾಲೂ ಇತ್ತು, ಅದು ಹಾಗೆಯೇ ಅಚ್ಚಾಗಿತ್ತು. ‘ಮೊದಲ ಹೊತ್ತಿನಲ್ಲಿ ಹಳ್ಳದಲ್ಲಿ ಕಣಕಾಲಿನಷ್ಟು ನೀರು ಇರಬಹುದು. ಹೆದರಬೇಡಿ, ನೇರವಾಗಿ ನಡೆಯಿರಿ.’

ಅವಳು ಸ್ಪಾನರನ್ನು ಮೇಜಿನ ಮೇಲಿಟ್ಟಳು. ಸಿಟ್ಟು ಮಾತ್ರ ಇಳಿದಿರಲಿಲ್ಲ, ಈಗ ಅದಕ್ಕೆ ಇಬ್ಬರು ಸಿಕ್ಕಿದ್ದರು, ಅವನು ಮತ್ತು ತಾನು.

“ಸರಿ. ಒಂದು ಚೀಟಿ ಅಚ್ಚು ಮಾಡಿ, ಎಲ್ಲ ನಕ್ಷೆಗೂ ಅಂಟಿಸೋಣ. ‘ಒಂದು ಗಂಟೆ ಕೂಡಿಸಿ.’ ನಾನೇ ಕೂತು ಅಂಟಿಸ್ತೀನಿ. ಸರಪಳಿ ತೆಗೆಸಿ.”

“ಆಗಲ್ಲ, ಈಶ್‌ಬೆಲ್. ವಿಮೆಯವರ ಜತೆ ಮಾತಾಡಿದ್ದೀನಿ. ಮರಳು ನಮ್ಮ ನಕ್ಷೆಯಲ್ಲಿ ಇರೋ ತನಕ ಜವಾಬ್ದಾರಿ ನಮ್ಮದು. ರಸ್ತೆ ಆದ್ರೆ ರಸ್ತೆಯವರದ್ದು.”

“ಅಂದ್ರೆ ಲಾರಿ ಕೆಳಗೆ ಸತ್ತರೆ ಪರವಾಗಿಲ್ಲ.”

“ನಾನು ಹಾಗೆ ಹೇಳಲಿಲ್ಲ.”

“ಹಾಗೇ ಹೇಳಿದ್ರಿ. ಇಷ್ಟು ನಯವಾಗಿ ಹೇಳೋಕೆ ನಮ್ಮೂರಲ್ಲಿ ಯಾರಿಗೂ ಬರಲ್ಲ, ಅಷ್ಟೇ.”

ಮಧ್ಯಾಹ್ನ ಅವಳು ಡಚ್ಚರು ಉಳಿದುಕೊಂಡಿದ್ದ ಮನೆಗೆ ಹೋದಳು. ಗಂಡ ಯೂಸ್ಟ್ ಔಷಧ ಕುಡಿದು ಮಲಗಿದ್ದ. ಹೆಂಡತಿ ವೀಬ್ಕೆ, ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಹಿತ್ತಲಿನ ಹಗ್ಗದ ಮೇಲೆ ಚೀಲ, ಡೇರೆ, ಮಲಗುವ ಹಾಸಿಗೆಗಳನ್ನು ಒಣಹಾಕುತ್ತಿದ್ದಳು. ಈಶ್‌ಬೆಲ್ ಹೆಸರು ಹೇಳಿದೊಡನೆ ಆಕೆಯ ಕೈ ನಿಂತಿತು.

“ನಕ್ಷೆಯಲ್ಲಿರೋ ಹೆಸರು ನಿಮ್ಮದಾ?”

“ಹೌದು.”

“‘ಹೆದರಬೇಡಿ’ ಅಂತ ಬರೆದಿದ್ದು?”

“ಅದೂ ನಾನೇ.”

“ನಮ್ಮ ದೇಶ ಇರೋದೇ ಕಡಲಿಗಿಂತ ತಗ್ಗಿನಲ್ಲಿ, ನೀರು ಅಂದ್ರೆ ಏನು ಅಂತ ನಮಗೆ ಗೊತ್ತು ರೀ. ಮೊಣಕಾಲಿಗೆ ಬಂದಾಗ ಯೂಸ್ಟ್ ವಾಪಸ್ ಹೋಗೋಣ ಅಂದ. ನಾನು ಬೇಡ ಅಂದೆ. ಹೆದರಬೇಡಿ ಅಂತ ಈ ಊರವರೇ ಬರೆದಿದ್ದಾರೆ, ಅವರಿಗೆ ಗೊತ್ತಿರುತ್ತೆ ಅಂದೆ. ನಾನೇ ಅಂದೆ! ಅವನು ನನ್ನ ಮಾತು ಕೇಳಿ ಮುಂದೆ ಹೋದ.”

ಈಶ್‌ಬೆಲ್ ನಡೆದದ್ದನ್ನು ಹೇಳಿದಳು. ಹಳದಿ ಪುಸ್ತಕ, ಚಳಿಗಾಲದ ಗಡಿಯಾರ, ತಾನು ಓದಿ ಹಾಕಿದ ಸಹಿ. ಏನನ್ನೂ ಬಿಡಲಿಲ್ಲ. ಕೊನೆಗೆ ಕ್ಷಮಿಸಿ ಎಂದಳು.

“ಕ್ಷಮೆ ತಗೊಂಡು ನಾನೇನು ಮಾಡ್ಲಿ?” ಎಂದಳು ವೀಬ್ಕೆ. “ಅದು ನಿಮಗೆ ಬೇಕಾಗಿರೋದು, ನನಗಲ್ಲ. ಸರಿಯಾದ ಗಂಟೆ ಬರೀರಿ. ನಾವು ಬಂದ ಕಡೆ ಬರೀರಿ. ಅಲ್ಲಿ ಏನೂ ಇರ್ಲಿಲ್ಲ, ಒಂದು ಕಲ್ಲಿನ ಮೇಲೂ ಇರ್ಲಿಲ್ಲ.” ಆಮೇಲೆ ಒದ್ದೆ ಡೇರೆಯನ್ನು ಕೊಡವುತ್ತಾ, “ಸೈಕಲ್ ಸರಿಹೋಗುತ್ತಾ?” ಎಂದು ಕೇಳಿದಳು.

“ಬೇರಿಂಗ್ ಹೊಸದು ಹಾಕ್ತಿದ್ದೀನಿ.”

“ಚೈನು?”

“ಅದೂ ಹೊಸದೇ.”

ವೀಬ್ಕೆ ತಲೆಯಾಡಿಸಿ ಬೆನ್ನು ತಿರುಗಿಸಿದಳು.

ಗುರುವಾರ ಸಂಜೆ ಏಳಕ್ಕೆ ಊರ ಸಭಾಂಗಣದಲ್ಲಿ ನಲವತ್ತು ಜನ ಸೇರಿದ್ದರು. ಜೂನ್ ತಿಂಗಳಾದ್ದರಿಂದ ಹೊರಗೆ ಇನ್ನೂ ಹಗಲಿತ್ತು. ನುಸಿ ಒಳಬರದಂತೆ ಕಿಟಕಿ ಮುಚ್ಚಿದ್ದರಿಂದ ಒಳಗೆ ಸೆಕೆ. ಹ್ಯಾಲಿಡೇ ಘಟನೆಯನ್ನು ಓದಿ ಹೇಳಿದ. ‘ನಕ್ಷೆಯಲ್ಲಿ ನುಸುಳಿದ ಒಂದು ಲೋಪ’ ಎಂದಷ್ಟೇ ಹೇಳಿದ, ಯಾರ ಲೋಪ ಎನ್ನಲಿಲ್ಲ. ಅದು ಅವನ ಸೌಜನ್ಯ. ಈಶ್‌ಬೆಲ್‌ಗೆ ಆ ಸೌಜನ್ಯವೂ ಸಹಿಸಲಾಗಲಿಲ್ಲ.

ಅವಳು ಎದ್ದು ಏನೋ ಹೇಳಿದಳು. ಹಿಂದೆ ಕೂತವರಿಗೆ ಕೇಳಿಸಲಿಲ್ಲ.

“ಜೋರಾಗಿ ಹೇಳೇ!” ಎಂದ ಟಾರ್ಕ್ವಿಲ್ ಹಿಂದಿನಿಂದ. “ದೋಣಿಯವರನ್ನ ಬೈತಿದ್ದೆಯಲ್ಲ, ಆ ಗಂಟಲು ಎಲ್ಲಿ ಹೋಯ್ತು?”

ಕೆಲವರು ನಕ್ಕರು. ಈಶ್‌ಬೆಲ್ ನಗಲಿಲ್ಲ.

“ಲೋಪ ನುಸುಳಿಲ್ಲ. ನಾನೇ ಮಾಡಿದ್ದು,” ಎಂದಳು. “ಗಂಟೆ ಕೂಡಿಸಬೇಕು ಅಂತ ನಾನು ಹ್ಯಾಲಿಡೇಯವರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ? ಹೇಳಬೇಕಾದ ವಿಷಯ ಅಂತಲೇ ನನಗೆ ಹೊಳೀಲಿಲ್ಲ. ಇಲ್ಲಿ ಕೂತಿರೋರಲ್ಲಿ ಯಾರಿಗೆ ಹೊಳೀತಿತ್ತು, ಕೈ ಎತ್ತಿ ನೋಡೋಣ.”

ಯಾರೂ ಎತ್ತಲಿಲ್ಲ.

“ಅಂದ್ರೆ ಮರಳಲ್ಲಿ ತಪ್ಪಿಲ್ಲ, ತಪ್ಪು ಕಾಗದದಲ್ಲಿ. ಕಾಗದ ತಿದ್ದೋದು ಬಿಟ್ಟು ಮರಳನ್ನ ಅಳಿಸ್ತೀರಾ? ಎಲ್ಲರನ್ನೂ ಆ ರಸ್ತೆಗೆ ತಳ್ತೀರಾ? ಗಣಿ ತಿರುವಲ್ಲಿ ಆ ಹುಡುಗಿಯ ತಲೆ ಹಿಡ್ಕೊಂಡಿದ್ದು ನಾನು, ನೀವ್ಯಾರೂ ಅಲ್ಲ. ರಸ್ತೆಯಲ್ಲಿ ಸತ್ತರೆ ಅದು ರಸ್ತೆಯ ತಪ್ಪು, ಮರಳಲ್ಲಿ ಕಾಲು ಒದ್ದೆಯಾದ್ರೆ ನಮ್ಮ ತಪ್ಪು. ನಾಚಿಕೆಯಾಗಬೇಕು!”

“ಕಾಲು ಒದ್ದೆಯಾಗಿದ್ದಲ್ಲ, ಈಶ್‌ಬೆಲ್. ಎದೆ ಮಟ್ಟ ನೀರು,” ಎಂದ ಹ್ಯಾಲಿಡೇ ಮೆಲ್ಲಗೆ.

ಈಶ್‌ಬೆಲ್‌ಳ ಮುಖ ಕೆಂಪಾಯಿತು. ಅವಳು ಕೂರಲಿಲ್ಲ, ಮತ ಎಣಿಸುವ ತನಕ ನಿಂತೇ ಇದ್ದಳು. ಸಮಿತಿಯ ಒಂಬತ್ತು ಜನರಲ್ಲಿ ಆರು ಮಂದಿ ಬಿಳಿಮರಳನ್ನು ನಕ್ಷೆಯಿಂದ ತೆಗೆಯಬೇಕೆಂದರು, ಮೂವರು ಬೇಡವೆಂದರು. ಉಳಿದ ನಕ್ಷೆಗಳನ್ನೆಲ್ಲ ಹಿಂಪಡೆಯುವುದು, ಹೊಸ ನಕ್ಷೆಯಲ್ಲಿ ಸುತ್ತನ್ನು ಮುಖ್ಯ ರಸ್ತೆಯಲ್ಲಿ ಮುಗಿಸುವುದು, ಮುಂದಿನ ವಾರ ರಸ್ತೆಗೆ ಸೈಕಲ್ ಗುರುತಿನ ನೀಲಿ ಫಲಕ ನೆಡುವುದು ಎಂದು ತೀರ್ಮಾನವಾಯಿತು. ‘ಮಾರ್ಗ ರಚನೆ’ಯ ಸಾಲಿನಲ್ಲಿ ಅವಳ ಹೆಸರು ಉಳಿಸಬೇಕೆಂದು ಯಾರೋ ಸೂಚಿಸಿದರು.

“ನನ್ನ ಹೆಸರು ಹಾಕಿದ್ರೆ ಅಚ್ಚಿನ ಮನೆಗೇ ಬಂದು ಹರೀತೀನಿ,” ಎಂದಳು ಈಶ್‌ಬೆಲ್. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತಳು. “ಇನ್ನೊಂದು. ಈ ದೇಶದಲ್ಲಿ ಕಡಲ ಮರಳ ಮೇಲೆ ನಡೆಯೋರನ್ನ ಯಾವ ಸಮಿತಿಯೂ ತಡೆಯೋ ಹಾಗಿಲ್ಲ, ಕಾನೂನಿದೆ. ಆ ಸರಪಳಿ ನಾಳೆ ಬೆಳಿಗ್ಗೆ ಅಲ್ಲಿರಬಾರದು. ಇದ್ರೆ ಕಾಲುವೆಯಲ್ಲಿರುತ್ತೆ.”

ಶುಕ್ರವಾರ ಬೆಳಿಗ್ಗೆ ಸರಪಳಿ ಇರಲಿಲ್ಲ. ತೆಗೆಸಿದ್ದು ಹ್ಯಾಲಿಡೇಯೋ ಇನ್ಯಾರೋ ಎಂಬುದನ್ನು ಊರಿನಲ್ಲಿ ಯಾರೂ ಹೇಳುತ್ತಿಲ್ಲ. ಕಾಲುವೆಯಲ್ಲೂ ಕಂಡಿಲ್ಲ.

ಜೋಡಿ ಸೈಕಲ್ ಶನಿವಾರ ಸಿದ್ಧವಾಯಿತು. ಯೂಸ್ಟ್‌ಗೆ ತುಳಿಯಲು ಆಗುವುದಿಲ್ಲ, ಆದ್ದರಿಂದ ಸೈಕಲ್ಲನ್ನು ಬಸ್ಸಿನ ಹೊಟ್ಟೆಗೆ ಹಾಕಿ ಇಬ್ಬರೂ ಗ್ಲಾಸ್ಗೋಗೆ ಹೊರಟರು. ಹತ್ತುವ ಮುಂಚೆ ವೀಬ್ಕೆ ಹಿಂಚಕ್ರವನ್ನು ಎತ್ತಿ ಒಮ್ಮೆ ತಿರುಗಿಸಿ, ಅದು ನಿಲ್ಲುವ ತನಕ ಕಿವಿಗೊಟ್ಟು ಕೇಳಿದಳು. “ಚೆನ್ನಾಗಿದೆ,” ಎಂದಳು. ಈಶ್‌ಬೆಲ್‌ಗೆ ಕೈ ಕೊಡಲಿಲ್ಲ.

ಭಾನುವಾರ ಈಶ್‌ಬೆಲ್ ಮತ್ತು ಟಾರ್ಕ್ವಿಲ್ ದೋಣಿಯಲ್ಲಿ ಹಳೆಯ ಚರ್ಚಿನ ಕಡೆಗೆ ಹೋದರು. ಸುತ್ತಿಗೆ, ನಾಲ್ಕು ಮೊಳೆ ಮತ್ತು ಶೆಡ್ಡಿನ ಮಾಡಿಗೆ ಹೊದಿಸಿ ಉಳಿದಿದ್ದ ಒಂದು ಅಗಲವಾದ ಕಲ್ಲುಹಲಗೆ ಜತೆಗಿತ್ತು. ಮರಳಿಗೆ ಇಳಿಯುವ ಜಾಗದ ಗೋಡೆಗೆ ಹಲಗೆ ಬಡಿದರು. ಕೆಳಭಾಗವನ್ನು ಆಯಾ ದಿನದ ಸಮಯ ಬರೆಯಲು ಖಾಲಿ ಬಿಟ್ಟು, ಮೇಲ್ಭಾಗದಲ್ಲಿ ಅವಳು ಬಿಳಿ ಬಣ್ಣದಲ್ಲಿ ಬರೆದದ್ದು ಇಷ್ಟು: ‘ಇದು ನಿಮ್ಮ ಕೈಗಡಿಯಾರದ ಸಮಯ. ನೀರು ಮೊಣಕಾಲಿಗೆ ಬಂದರೆ ಹೆದರಿ, ವಾಪಸ್ ಬನ್ನಿ.’

“ಹೆದರಿ ಅಂತ ಬೋರ್ಡ್ ಬರೆದೋಳು ಈ ದೇಶದಲ್ಲಿ ನೀನೊಬ್ಬಳೇ ಇರಬೇಕು,” ಎಂದ ಟಾರ್ಕ್ವಿಲ್.

“ಮೊಳೆ ಹಿಡಿ. ಬಾಯಿ ಮುಚ್ಚು,” ಎಂದಳು ಅವಳು.

ರಸ್ತೆಯ ನೀಲಿ ಫಲಕಗಳು ಬುಧವಾರ ಬರುತ್ತವೆ. ಅದಕ್ಕೂ ಮೊದಲು ಸೋಮವಾರ, ಹಳದಿ ಪುಸ್ತಕದ ಪ್ರಕಾರ ಕಡಲು ತೀರಾ ಕೆಳಗಿಳಿಯುವುದು ಸಂಜೆ 4.50ಕ್ಕೆ. ಚರ್ಚಿನ ಗೋಡೆಯ ಹಲಗೆಯಲ್ಲಿ 5.50 ಎಂದಿರುತ್ತದೆ, ದಾಟುವ ಸಮಯ 3.50ರಿಂದ. ಈಶ್‌ಬೆಲ್ ಯಾರೂ ಹೊತ್ತಿಗೆ ಮುಂಚೆ ಇಳಿಯದಂತೆ ನೋಡಿಕೊಳ್ಳಲು ಮೂರೂವರೆಗೇ ಆ ದಡದಲ್ಲಿ ನಿಂತಿರುತ್ತಾಳೆ.